ಬಾಗಿದ ಮರ, ಮುರಿದ ಮರ

ಹಳೆಯ ಕಥೆಯನ್ನು ಹೊಸದಾಗಿ ಹೇಳುವುದು ಕನ್ನಡಕ್ಕೆ ಹೊಸತಲ್ಲ. ಪಂಪನು ವ್ಯಾಸಭಾರತವನ್ನು ತನ್ನ ಒಡೆಯನಾದ ಅರಿಕೇಸರಿಯ ಕಾಲಕ್ಕೆ ಹೊಂದಿಸಿ ಹೇಳಿದನು. ನಾಗಚಂದ್ರನು ರಾವಣನ ಅಳಲನ್ನು ಕಂಡು ಅವನನ್ನು ಮರುಕಕ್ಕೆ ಪಾತ್ರನನ್ನಾಗಿ ಮಾಡಿದನು. ಕುವೆಂಪು ಅವರು ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಊರ್ಮಿಳೆಯ ತಪಸ್ಸಿಗೆ ಎಡೆಕೊಟ್ಟರು. ಇವರಲ್ಲಿ ಯಾರನ್ನೂ ಮೂಲಕ್ಕೆ ದ್ರೋಹ ಬಗೆದವರೆಂದು ನಾವು ದೂರುವುದಿಲ್ಲ; ಮೂಲದಲ್ಲಿ ಅಡಗಿದ್ದುದನ್ನು ಬೆಳಕಿಗೆ ತಂದರೆಂದು ಕೃತಜ್ಞರಾಗಿರುತ್ತೇವೆ. ಆದರೆ ಮತ್ತೆ ಹೇಳಹೊರಟಾಗ ಹೇಳುವವನ ಕೈ ತುಸು ನಡುಗಬೇಕಾದಂತಹ ಕಥೆಗಳೂ ಉಂಟು. ಒಂದು ಜನ ತನ್ನ ಮೈಮೇಲೆ ಬಿದ್ದ ಪೆಟ್ಟನ್ನು ನೇರವಾಗಿ ಆಡಲಾರದೆ, ಅದ್ಭುತದ ಹೊದಿಕೆಯಲ್ಲಿ ಸುತ್ತಿ ಮಕ್ಕಳ ಮಡಿಲಿಗೆ ಹಾಕಿದ ಕಥೆಗಳು ಅವು.

ಇಂತಹ ಕಥೆಯನ್ನು ಎತ್ತಿಕೊಂಡು, ಅದಕ್ಕೆ ಒಬ್ಬ ರಾಜಕುಮಾರನನ್ನೂ ಬೆಳದಿಂಗಳ ರಾತ್ರಿಯನ್ನೂ ಜೋಡಿಸಿ, ಐತಿಹಾಸಿಕ ಪ್ರೇಮಕಥೆಯಾಗಿ ಮಾಡುವುದು ಇಂದು ಎಲ್ಲ ಭಾಷೆಗಳಲ್ಲಿಯೂ ನಡೆದಿದೆ. ಶಾಲೆಯ ವಾರ್ಷಿಕೋತ್ಸವದ ನಾಟಕದಿಂದ ಹಿಡಿದು ದೊಡ್ಡ ಕಾದಂಬರಿಯವರೆಗೆ ಇದರ ಹರಹು ಉಂಟು. ಹಾಗೆ ಮಾಡುವುದು ಧರ್ಮವೆ? ನೊಂದವರ ನೋವಿನಿಂದ ನಮ್ಮ ರಸಾಸ್ವಾದಕ್ಕೆ ಸಾಮಗ್ರಿಯನ್ನು ತೆಗೆದುಕೊಳ್ಳುವ ಅಧಿಕಾರ ನಮಗೆ ಎಲ್ಲಿಂದ ಬಂದಿತು? ಹಾಗೆಂದು ಹೇಳದೆಯೇ ಸುಮ್ಮನಿದ್ದರೆ ಅದು ಹೆಚ್ಚಿನ ಧರ್ಮವಾದೀತೆ? ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ನಿಜವಾದ ಉದಾಹರಣೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಒಳ್ಳೆಯದು. ಆ ಉದಾಹರಣೆ ಕನ್ನಡ ಮಾತಾಡುವವರದೇ. ಆದರೆ ಕನ್ನಡ ನಾಡಿನ ಹೊರಗಿನದು.

ತಮಿಳುನಾಡಿನ ಪಶ್ಚಿಮ ಘಟ್ಟದ ಅಡಿಯಲ್ಲಿ ಕಂಬಂ ಕಣಿವೆ ಇದೆ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟವನ್ನು ಕೊರೆದ ಸುರಂಗದಿಂದ ಇತ್ತ ಇಳಿದು ಇಲ್ಲಿನ ಗದ್ದೆಗಳಿಗೂ ದ್ರಾಕ್ಷಿಯ ತೋಟಗಳಿಗೂ ಹರಿಯುತ್ತದೆ. ಮೊದಲು ಮಧುರೆ ಜಿಲ್ಲೆಯ ಭಾಗವಾಗಿದ್ದ ಈ ಸೀಮೆಯಲ್ಲಿ 1985ರಲ್ಲಿ ದಿಂಡಿಗಲ್ಲೂ 1996ರಲ್ಲಿ ತೇನಿಯೂ ಬೇರೆ ಬೇರೆ ಜಿಲ್ಲೆಗಳಾದುವು. ಹೈದರಾಲಿಯು 1755ರಲ್ಲಿ ಮೈಸೂರಿನ ಫೌಜುದಾರನಾಗಿ ಬಂದದ್ದು ಈ ದಿಂಡಿಗಲ್ಲಿಗೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಇತಿಹಾಸದ ಪಾಠದಲ್ಲಿ ಓದಿರುತ್ತಾರೆ. ಆದರೆ ಹೈದರನಿಗೂ ಬಹು ಮುಂಚೆಯೇ ಕನ್ನಡ ಇಲ್ಲಿಗೆ ನೇಗಿಲು ಹೊತ್ತು ಬಂದಿತ್ತು. ಕಾಪಿಲಿಯರು, ಅನುಪ್ಪರು ಎಂಬ ಬೇಸಾಯಗಾರ ಜನ ಇಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಕಾಪಿಲಿಯರು ಒಕ್ಕಲಿಗರೆಂದೂ ಹೆಸರಾದವರು. ಇವರಿಗೆ ಶಾಲೆಯ ಭಾಷೆ ತಮಿಳು. ಮನೆಯ ಭಾಷೆ ಕನ್ನಡ. ಲಿಪಿಯ ಆಸರೆಯಿಲ್ಲದೆ, ಪಠ್ಯಪುಸ್ತಕದ ಬೆಂಬಲವಿಲ್ಲದೆ, ಅಜ್ಜಿಯ ಬಾಯಿಂದ ಮೊಮ್ಮಗಳ ಕಿವಿಗೆ ದಾಟಿ ಉಳಿದ ಕನ್ನಡ ಅದು.

ಈ ಜನ ಏಕೆ ಇಷ್ಟು ದೂರ ಬಂದರು? 1906ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದ ಮಧುರೆಯ ಗ್ಯಾಸೆಟಿಯರಿನಲ್ಲಿಯೂ, 1909ರಲ್ಲಿ ಎಡ್ಗರ್ ಥರ್ಸ್ಟನ್ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿಯೂ ಅವರ ಐತಿಹ್ಯಗಳು ಅಚ್ಚಾಗಿವೆ. ಇದೇ ಸೀಮೆಯ ತೆಲುಗು ಮಾತಿನ ತೊಟ್ಟಿಯರು ಹೇಳುವ ಕಥೆ ಇದು: ಉತ್ತರದ ಮುಸಲ್ಮಾನ ಅರಸರು ತಮ್ಮ ಹೆಣ್ಣುಮಕ್ಕಳನ್ನು ಬಯಸಿದರು, ಜನವೆಲ್ಲ ಒಟ್ಟಾಗಿ ಓಡಿದರು, ಮುಂದೆ ತುಂಬಿದ ಹೊಳೆ, ಹಿಂದೆ ಅಟ್ಟಿ ಬರುವ ದಂಡು. ಆಗ ಹೊಳೆಯ ಎರಡು ದಡದಲ್ಲಿದ್ದ ಎರಡು ಮರಗಳು ಬಾಗಿ, ಕೊಂಬೆಗೆ ಕೊಂಬೆ ಕೂಡಿಸಿ ಸೇತುವೆಯಾದುವು. ಜನ ದಾಟಿದರು. ದಾಟಿದೊಡನೆ ಮರಗಳು ಮತ್ತೆ ನೆಟ್ಟಗೆ ನಿಂತುವು. ಅನುಪ್ಪರ ಮತ್ತು ಕಾಪಿಲಿಯರ ಐತಿಹ್ಯಗಳೂ ಇದನ್ನು ಬಹುಮಟ್ಟಿಗೆ ಹೋಲುತ್ತವೆಂದು ಆ ಗ್ರಂಥಗಳು ಹೇಳುತ್ತವೆ. ಆ ಮರವನ್ನು ತಮಿಳರು ಪುಂಗು ಎನ್ನುವರು. ಪಕಾರ ಹಕಾರವಾಗುವ ನಮ್ಮ ಭಾಷೆಯ ನಿಯಮವನ್ನು ಬಲ್ಲವರಿಗೆ ಅದು ನಮ್ಮ ಹೊಂಗೆಯೇ ಎಂಬುದು ಕೂಡಲೆ ಹೊಳೆಯುತ್ತದೆ. ಆ ಉಪಕಾರವನ್ನು ನೆನೆದು ತೊಟ್ಟಿಯರು ಮದುವೆಯ ಚಪ್ಪರಕ್ಕೆ ಹೊಂಗೆಯ ಮರವನ್ನೇ ಬಳಸುವರೆಂದೂ ಅಲ್ಲಿ ದಾಖಲೆಯಿದೆ.

ಇದು ಇತಿಹಾಸವೆ? ವಿಜಯನಗರದ ಕಾಲದಲ್ಲಿಯೂ ಮಧುರೆಯ ನಾಯಕರ ಕಾಲದಲ್ಲಿಯೂ ಕನ್ನಡ, ತೆಲುಗು ಜನ ಗುಂಪುಗುಂಪಾಗಿ ತೆಂಕಣಕ್ಕೆ ಬಂದರೆಂಬುದು ಇತಿಹಾಸ. ದಂಡಿನ ಹಿಂದೆ ಬಂದವರು, ಹೊಸ ನೆಲವನ್ನು ಅರಸಿ ಬಂದವರು, ದನಗಳಿಗೆ ಮೇವು ಹುಡುಕುತ್ತ ಬಂದವರು ಎಲ್ಲರೂ ಅವರಲ್ಲಿದ್ದಿರಬೇಕು. ಅಂತಹ ನಿಧಾನದ ವಲಸೆಯನ್ನು ಐತಿಹ್ಯವು ಒಂದೇ ಹೊಳೆಯ ದಡಕ್ಕೆ, ಒಂದೇ ಗಳಿಗೆಗೆ ಕುಗ್ಗಿಸುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹೆಣ್ಣನ್ನು ಬಯಸಿದ ಅರಸನಿಗೆ ಅಂಜಿಯೋ ಮುನಿದೋ ಊರು ತೊರೆದ ಕಥೆ ಈ ಜನಕ್ಕೆ ಮಾತ್ರ ಮೀಸಲಲ್ಲ. ಪೆನುಗೊಂಡದ ವಾಸವಿಯನ್ನು ಬಯಸಿದವನು ವಿಷ್ಣುವರ್ಧನನೆಂಬ ಅರಸನೆಂದು ವೈಶ್ಯರು ಹೇಳುವರು. ಚೋಳರಾಜನೊಬ್ಬನು ತಮ್ಮ ಹೆಂಗಸರನ್ನು ಸೆರೆಯಲ್ಲಿಟ್ಟನೆಂದು ನಗರತ್ತಾರ್ ಚೆಟ್ಟಿಯಾರರು ಹೇಳುವರು. ರಾಜಸ್ಥಾನದ ಕುಲಧರಾ ಗ್ರಾಮ ಪಾಳುಬಿದ್ದದ್ದು ಜೈಸಲ್ಮೇರಿನ ದಿವಾನ ಸಾಲಿಂ ಸಿಂಗನ ದುರಾಸೆಯಿಂದ ಎಂದು ಅಲ್ಲಿಯ ಜನ ನಂಬಿದ್ದಾರೆ. ಅಟ್ಟಿ ಬಂದವನ ಕುಲ, ಮತ, ಕಿರೀಟಗಳು ಊರೂರಿಗೆ ಬದಲಾಗುತ್ತವೆ. ಓಡುವ ಹೆಣ್ಣಿನ ಭಯ ಮಾತ್ರ ಬದಲಾಗುವುದಿಲ್ಲ. ಈ ಕಥೆಗಳ ತಿರುಳು ಆ ಭಯದಲ್ಲಿದೆ ಎಂದು ನಾವು ತಿಳಿಯುತ್ತೇವೆ.

ಪ್ರಕೃತಕ್ಕೆ ಬರೋಣ. ಇಂತಹ ಕಥೆಯನ್ನು ಮತ್ತೆ ಹೇಳುವವನು ಎರಡು ದಾರಿಗಳಲ್ಲಿ ಸುಲಭವಾಗಿ ಜಾರುತ್ತಾನೆ. ಮೊದಲನೆಯದು ಸಿಹಿಯ ದಾರಿ. ಯೂರೋಪಿನ ಮಲಗಿದ ಸುಂದರಿಯ ಕಥೆಯನ್ನು ಎಲ್ಲ ಮಕ್ಕಳೂ ಬಲ್ಲರು. 1634ರಿಂದ 1636ರವರೆಗೆ ಅಚ್ಚಾದ ಇಟಲಿಯ ಬಸೀಲೆಯ ಸಂಗ್ರಹದಲ್ಲಿ, ಬೇಟೆಗೆ ಬಂದ ಅರಸನು ಮೈಮರೆತು ಮಲಗಿದ್ದ ಹುಡುಗಿಯನ್ನು ಕೆಡಿಸಿ ಹೊರಟುಹೋಗುತ್ತಾನೆ. ಅವಳು ನಿದ್ರೆಯಲ್ಲಿಯೇ ಅವಳಿ ಮಕ್ಕಳನ್ನು ಹೆರುತ್ತಾಳೆ. 1697ರಲ್ಲಿ ಫ್ರಾನ್ಸಿನ ಪೆರೋ ಆ ಭಾಗವನ್ನು ತೆಗೆದುಹಾಕಿದನು. 1812ರಲ್ಲಿ ಜರ್ಮನಿಯ ಗ್ರಿಮ್ ಸೋದರರ ಸಂಗ್ರಹದಲ್ಲಿ ಅದು ಒಂದು ಮುತ್ತಾಗಿ ಉಳಿಯಿತು. ಮಕ್ಕಳಿಗೆ ಹೇಳುವಾಗ ಹಾಗೆ ಮಾಡಿದ್ದನ್ನು ನಾವು ತಪ್ಪೆನ್ನಲಾರೆವು. ಆದರೆ ಒಂದು ಅನ್ಯಾಯ ಹೀಗೆ ಮೆಲ್ಲಮೆಲ್ಲನೆ ಪ್ರೇಮವೆಂಬ ಹೆಸರನ್ನು ಪಡೆದುಕೊಂಡಿತಲ್ಲ, ಅದನ್ನು ಬೆಳೆದವರು ತಿಳಿದಿರಬೇಡವೆ? ನಮ್ಮ ‘ಕೆರೆಗೆ ಹಾರ’ದ ಹಾಡನ್ನೇ ನೋಡಿರಿ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ. ದಂಡಿನಿಂದ ಮರಳಿದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರುತ್ತಾನೆ. ಇದನ್ನು ದಾಂಪತ್ಯಪ್ರೇಮದ ಕಥೆಯೆಂದಷ್ಟೇ ಪಾಠ ಹೇಳಿದರೆ, ಆ ಮನೆಯ ಹಿರಿಯರು ಕುಳಿತು ಮಾಡಿದ ನಿರ್ಣಯವು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಜನಪದ ಕವಿ ಹಾಗೆ ತಪ್ಪಿಸಿಕೊಳ್ಳಲು ಬಿಟ್ಟಿಲ್ಲ, ನಾವು ಬಿಡುತ್ತೇವೆ.

ಎರಡನೆಯದು ಹಗೆಯ ದಾರಿ. ಓಡಿಬಂದವರ ನೋವನ್ನು ಹೇಳುತ್ತ ಹೇಳುತ್ತ, ಅಂದು ಅಟ್ಟಿಬಂದವನ ಹೆಸರನ್ನು ಇಂದು ಪಕ್ಕದ ಬೀದಿಯಲ್ಲಿರುವವನ ತಲೆಗೆ ಕಟ್ಟುವುದು. ಕಂಬಂ ಕಣಿವೆಯಲ್ಲಿ ರಾವುತ್ತ ಮುಸಲ್ಮಾನರು ಬಹುಕಾಲದ ನೆರೆಯವರು. ಉತ್ತಮಪಾಳಯದಲ್ಲಿ 1956ರಲ್ಲಿ ಹಾಜಿ ಕರುತ್ತ ರಾವುತ್ತರ್ ಹೆಸರಿನ ಕಾಲೇಜು ಸ್ಥಾಪನೆಯಾಗಿ ಆ ಕಣಿವೆಯ ಮಕ್ಕಳ ವಿದ್ಯೆಗೆ ಆಸರೆಯಾಯಿತು. ಹೊಳೆಯ ದಡದ ದಂಡಿಗೂ ಈ ನೆರೆಯವರಿಗೂ ಏನು ಸಂಬಂಧ? ಹಗೆಯ ದಾರಿಯ ಟೊಳ್ಳನ್ನು ಕಂಬದ ಇನ್ನೊಂದು ಐತಿಹ್ಯವೇ ತೋರಿಸುತ್ತದೆ. ಅದೇ ಗ್ಯಾಸೆಟಿಯರಿನ ಪ್ರಕಾರ, ಒಂದು ಕಾಲಕ್ಕೆ ಕಂಬದಲ್ಲಿ ಅನುಪ್ಪರು ಬಹಳ ಪ್ರಬಲರಾಗಿದ್ದರು. ಅವರಿಗೂ ಕಾಪಿಲಿಯರಿಗೂ ಜಗಳ ಹತ್ತಿ, ಕಾಪಿಲಿಯರ ಮುಖ್ಯಸ್ಥ ರಾಮಚ್ಚ ಕವುಂಡನು ಕೊಲೆಯಾದನು. ಅವನು ಸಾಯುವಾಗ ಇಟ್ಟ ಶಾಪದಿಂದ ಅನುಪ್ಪರು ಏಳಿಗೆ ಕಾಣದೆ ಆ ಊರನ್ನೇ ಬಿಟ್ಟರಂತೆ. ಅವನನ್ನು ಸುಟ್ಟ ಸ್ಥಳದ ಮರ, ಅವನ ಹೆಸರಿನ ಕೊಳ, ಚಿತಾಭಸ್ಮವನ್ನು ಇಟ್ಟ ಮಠ ಇವೆಲ್ಲವನ್ನೂ ಆ ಗ್ರಂಥಕರ್ತನ ಕಾಲದಲ್ಲಿ ಜನ ತೋರಿಸುತ್ತಿದ್ದರು. ಇಬ್ಬರದೂ ಒಂದೇ ಭಾಷೆ, ಇಬ್ಬರದೂ ಒಂದೇ ಬಗೆಯ ಓಟದ ಕಥೆ. ಒಂದೇ ಭಯವನ್ನು ನೆನೆಯುವವರು ಒಬ್ಬರನ್ನೊಬ್ಬರು ಊರು ಬಿಡಿಸಿದರು. ನೋವುಂಡದ್ದು ಮನುಷ್ಯನನ್ನು ತಾನಾಗಿಯೇ ಸಾಧುವನ್ನಾಗಿ ಮಾಡುವುದಿಲ್ಲ ಎಂಬ ಕಹಿಸತ್ಯ ಇಲ್ಲಿದೆ. ಓಟದ ಕಥೆಯನ್ನು ಹೇಳುವವನು ಈ ಕಥೆಯನ್ನು ಬಚ್ಚಿಟ್ಟರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ.

ಈ ಎರಡು ದಾರಿಗಳಿಗೂ ಸಮಾನವಾದ ಒಂದು ಕೊರತೆಯುಂಟು. ಗ್ಯಾಸೆಟಿಯರಿನಲ್ಲಿ ಕೊಲೆಯಾದ ಮುಖ್ಯಸ್ಥನ ಹೆಸರಿದೆ. ಕಂಬದ ದೇವರ ದನಗಳ ಹಿಂಡಿನ ವಿಚಾರವೂ ವಿಸ್ತಾರವಾಗಿದೆ: ಪಟ್ಟದ ಹೋರಿ ಸತ್ತರೆ ಅದಕ್ಕೆ ಗೌರವದ ಸಮಾಧಿ, ಹಿಂಡಿನ ಮುಂದೆ ಕಬ್ಬಿನ ಕಟ್ಟುಗಳನ್ನಿಟ್ಟಾಗ ಮೊದಲು ಯಾವುದು ಕಬ್ಬನ್ನು ಎಳೆಯುವುದೋ ಅದಕ್ಕೆ ಪಟ್ಟ. ಆದರೆ ಯಾರಿಗಾಗಿ ಜನವೆಲ್ಲ ಓಡಿತೋ ಆ ಹೆಣ್ಣುಮಕ್ಕಳ ಹೆಸರಿಲ್ಲ. ಅವರು ‘ನಮ್ಮ ಹೆಂಗಸರು’. ಪೆಟ್ಟು ಬಿದ್ದದ್ದು ಕುಲದ ಮಾನಕ್ಕೆ ಎಂಬಂತೆ ಕಥೆ ನಡೆಯುತ್ತದೆ. ಅವಳ ಜೀವಕ್ಕೆ ಏನಾಯಿತು, ಮರದ ಮೇಲೆ ಕಾಲಿಡುವಾಗ ಅವಳು ಹಿಂದಿರುಗಿ ನೋಡಿದಳೆ, ದಾಟಿದ ಮೇಲೆ ಅವಳಿಗೆ ನಿದ್ರೆ ಬಂದಿತೆ ಎಂದು ಯಾರೂ ಕೇಳಲಿಲ್ಲ. ಅದೇ ಕಣಿವೆಯ ಮೇಲಿನ ಮಂಗಲದೇವಿ ಬೆಟ್ಟದಲ್ಲಿ, ವರ್ಷಕ್ಕೊಮ್ಮೆ ಚಿತ್ರಾ ಪೌರ್ಣಮಿಯಂದು ಜನ ಹತ್ತಿ ಪೂಜಿಸುವ ಕಣ್ಣಗಿಯ ಗುಡಿಯಿದೆ. ‘ಶಿಲಪ್ಪದಿಕಾರ’ದ ಕಣ್ಣಗಿ ಅರಸನ ಸಭೆಗೆ ನುಗ್ಗಿ ತನ್ನ ಬಾಯಿಂದಲೇ ನ್ಯಾಯ ಕೇಳಿದವಳು, ಕೊನೆಗೆ ಬೆಟ್ಟದ ಹೊನ್ನೆಮರದ ಕೆಳಗೆ ನಿಂತವಳು. ಮೇಲೆ ಮಾತಾಡಿದವಳ ಗುಡಿ, ಕೆಳಗೆ ಮಾತಿಲ್ಲದವರ ಕಥೆ. ಮತ್ತೆ ಹೇಳುವವನಿಗೆ ಕೆಲಸವಿರುವುದು ಈ ಎರಡರ ನಡುವೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಗಾಯವನ್ನು ಕೆದಕುವುದೇಕೆ? ಮರೆಯುವುದೇ ಮದ್ದಲ್ಲವೆ?’ ಎಂದು ಹಿರಿಯರು ಕೇಳುವರು. ಈ ಮಾತಿನಲ್ಲಿ ಕರುಣೆಯಿದೆ. ಆದುದರಿಂದ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಮನಸ್ಸಿನ ಗಾಯ ಮೌನದಲ್ಲಿ ತಾನಾಗಿ ಮಾಯುವುದೆಂಬ ನಂಬಿಕೆಗೆ ಅನುಭವದ ಆಧಾರ ಕಡಮೆ. ಯುದ್ಧದಿಂದ ಮರಳಿದ ಸಿಪಾಯಿಗಳನ್ನೂ ಅತ್ಯಾಚಾರಕ್ಕೆ ಗುರಿಯಾದ ಹೆಂಗಸರನ್ನೂ ಕಂಡ ವೈದ್ಯರು, ಆಘಾತ ಕಳೆದು ವರ್ಷಗಳಾದ ಮೇಲೂ ಉಳಿಯುವ ವ್ಯಥೆಯನ್ನು ಗುರುತಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಅದನ್ನು ತನ್ನ ಕೈಪಿಡಿಯಲ್ಲಿ ಒಂದು ಕಾಯಿಲೆಯೆಂದು ಸೇರಿಸಿತು. ಜೂಡಿತ್ ಹರ್ಮನ್ ಎಂಬ ವೈದ್ಯೆ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚೇತರಿಕೆಗೆ ಮೂರು ಮೆಟ್ಟಿಲುಗಳನ್ನು ಹೇಳಿದರು: ಮೊದಲು ನೊಂದವರಿಗೆ ಅಭಯ, ಆಮೇಲೆ ನಡೆದುದನ್ನು ನೆನೆದು ಅಳುವುದು, ಕೊನೆಗೆ ಲೋಕದೊಡನೆ ಮತ್ತೆ ಬೆರೆಯುವುದು. ಕ್ರಮ ತಪ್ಪಿ, ಅಭಯವಿಲ್ಲದೆ ನೆನಪನ್ನು ಕೆದಕಿದರೆ ಅಪಾಯವೆಂಬುದೂ ಅವರ ಅಭಿಪ್ರಾಯ. ಹಿರಿಯರ ಅಂಜಿಕೆಯಲ್ಲಿ ನಿಜವಾದ ಭಾಗ ಇದೇ.

ಆಶ್ಚರ್ಯವೆಂದರೆ, ಈ ಮೂರು ಮೆಟ್ಟಿಲುಗಳನ್ನು ನಮ್ಮ ಹೆಂಗಸರು ಹೇಳುತ್ತಿದ್ದ ಒಂದು ಕಥೆ ಮೊದಲೇ ಬಲ್ಲದು. ಎ. ಕೆ. ರಾಮಾನುಜನ್ ಅವರು ಕನ್ನಡದಲ್ಲಿ ಕೇಳಿ ಸಂಗ್ರಹಿಸಿದ ಹೂಮರದ ಕಥೆ ಅದು. ಅವರು ತೀರಿಕೊಂಡ ಮೇಲೆ 1997ರಲ್ಲಿ ಪ್ರಕಟವಾದ ಸಂಗ್ರಹಕ್ಕೆ ಅದರದೇ ಹೆಸರು. ಗಿರೀಶ ಕಾರ್ನಾಡರು 1992ರಲ್ಲಿ ಅದನ್ನು ‘ಚೆಲುವಿ’ ಎಂಬ ಚಿತ್ರವಾಗಿ ಮಾಡಿದರು. ಬಡವಿಯ ಕಿರಿಯ ಮಗಳು ಒಂದು ಕೊಡ ನೀರು ಸುರಿದರೆ ಹೂಮರವಾಗುವಳು, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುವಳು. ನೀರಿಗೆ ಉಗುರು ತಾಕಬಾರದು, ಹೂ ಬಿಡಿಸುವಾಗ ಎಲೆ ಹರಿಯಬಾರದು, ಚಿಗುರು ಮುರಿಯಬಾರದು ಎಂದು ಅವಳೇ ಮೊದಲು ಹೇಳುತ್ತಾಳೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ; ಅವನಿಗೂ ದಿನದಿನವೂ ಅವಳು ಮರವಾಗಬೇಕೆಂಬ ಆಸೆ. ಬಳಿಕ ನಾದಿನಿ ತನ್ನ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗಿಸಿ, ಕೊಂಬೆಗಳನ್ನು ಮುರಿದು, ನೀರನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾಳೆ. ಹುಡುಗಿ ಮರವೂ ಆಗದೆ ಮನುಷ್ಯಳೂ ಆಗದೆ, ಕೈಕಾಲಿಲ್ಲದ ಮೊಂಡಾಗಿ ಚರಂಡಿಯಲ್ಲಿ ಬೀಳುತ್ತಾಳೆ.

ಅವಳಿಗೆ ಮೊದಲು ನೆರವಾಗುವವನು ಹೆಸರಿಲ್ಲದ ಒಬ್ಬ ಗಾಡಿಯವನು. ಹತ್ತಿಯ ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನು ತನ್ನ ರುಮಾಲನ್ನು ಬಿಚ್ಚಿ ಹೊದಿಸುತ್ತಾನೆ. ಪ್ರಶ್ನೆಗಿಂತ ಮುಂಚೆ ಬಟ್ಟೆ, ಇದು ಅಭಯ. ಬಹುಕಾಲದ ಮೇಲೆ, ಬೈರಾಗಿಯಾಗಿ ಅಲೆದು ಬಂದ ಗಂಡನನ್ನು ಕಂಡಾಗ ಅವಳು ಹೇಳುವ ಮಾತಿನ ಸಾರ ಹೀಗೆ: ನನ್ನನ್ನು ಮತ್ತೆ ಮರವಾಗಿಸು, ಮುರಿದ ಕೊಂಬೆಗಳನ್ನು ನೇರಮಾಡಿ ಕಟ್ಟು, ಹರಿದ ಎಲೆಯನ್ನು ಕೂಡಿಸು, ಆಮೇಲೆ ಎರಡನೆಯ ಕೊಡ ಸುರಿ. ಯಾವ ರೂಪದಲ್ಲಿ ಪೆಟ್ಟು ಬಿದ್ದಿತೋ ಆ ರೂಪಕ್ಕೇ ಅವಳು ಹಿಂದಿರುಗಬೇಕಾಯಿತು. ನಾದಿನಿ ಮಾಡಿದ್ದೂ ಮರವಾಗಿಸುವುದನ್ನೇ, ಗಂಡ ಮಾಡಿದ್ದೂ ಮರವಾಗಿಸುವುದನ್ನೇ. ಒಬ್ಬಳು ಹೂವಿನ ಆಸೆಗೆ ಮಾಡಿದಳು. ಇನ್ನೊಬ್ಬನು ಅವಳ ಮಾತನ್ನು ಕೇಳಿ, ಅವಳು ಹೇಳಿದಷ್ಟನ್ನೇ ಮಾಡಿದನು. ಹಳೆಯ ನೋವಿನ ಕಥೆಯನ್ನು ಮತ್ತೆ ಹೇಳುವುದೂ ಒಬ್ಬಳನ್ನು ಎರಡನೆಯ ಸಲ ಮರವಾಗಿಸಿದಂತೆ. ಹೇಳುವವನು ನಾದಿನಿಯೋ ಗಂಡನೋ ಎಂಬುದೇ ಧರ್ಮದ ಪ್ರಶ್ನೆ.

ಇದರಿಂದ ಕೆಲವು ನಿಯಮಗಳು ತಾವಾಗಿ ಹುಟ್ಟುತ್ತವೆ. ಅಟ್ಟಿಬಂದವನ ಕಣ್ಣಿನಿಂದಾಗಲಿ ಕುಲದ ಮಾನದ ಕಣ್ಣಿನಿಂದಾಗಲಿ ನೋಡದೆ, ನೊಂದವಳ ಕಣ್ಣಿನಿಂದ ಕಥೆಯನ್ನು ನೋಡಬೇಕು. ಪೆಟ್ಟನ್ನು ಪೆಟ್ಟೆಂದೇ ಕರೆಯಬೇಕು. ಅದರ ವರ್ಣನೆಯಲ್ಲಿ ಸುಖಪಡಬಾರದು. ತಾನು ಕಲ್ಪಿಸಿದ್ದನ್ನು ಇತಿಹಾಸವೆಂದು ಮಾರಬಾರದು. ಈ ಕಡೆಯ ವಿಷಯದಲ್ಲಿ ಅಮೆರಿಕದ ಜೇನ್ ಯೋಲೆನ್ ಒಂದು ಮೇಲ್ಪಂಕ್ತಿ ಹಾಕಿದ್ದಾರೆ. 1992ರ ‘ಬ್ರಯರ್ ರೋಸ್’ ಕಾದಂಬರಿಯಲ್ಲಿ ಅವರು ಮಲಗಿದ ಸುಂದರಿಯ ಕಥೆಯನ್ನು ಪೋಲೆಂಡಿನ ಚೆಲ್ಮ್‌ನೊದಲ್ಲಿ ನಾಜಿಗಳು ನಡೆಸಿದ ವಿಷಾನಿಲದ ಕೊಲೆಗಳಿಗೆ ಹೊಂದಿಸಿ ಹೇಳಿದರು. ಅವರ ನಾಯಿಕೆ ಬದುಕಿ ಉಳಿಯುತ್ತಾಳೆ. ಆದರೆ ಕಥೆ ಮುಗಿದ ಮೇಲೆ, ಅಲ್ಲಿಂದ ಜೀವಸಹಿತ ಪಾರಾದ ಹೆಂಗಸೊಬ್ಬಳನ್ನೂ ತಾವು ಅರಿಯೆವೆಂದು ಓದುಗರಿಗೆ ಸ್ಪಷ್ಟವಾಗಿ ತಿಳಿಸಿದರು. ಕಲ್ಪನೆಯ ಸಮಾಧಾನವನ್ನೂ ಕೊಟ್ಟರು; ಸತ್ತವರ ಲೆಕ್ಕವನ್ನೂ ಕೆಡಿಸಲಿಲ್ಲ.

ಉಪಾಧ್ಯಾಯರಾದವರಿಗೆ ಇನ್ನೊಂದು ಹೊಣೆಯುಂಟು. ಇಂತಹ ಕಥೆಯನ್ನು ತರಗತಿಯಲ್ಲಿ ಹೇಳುವಾಗ, ಎದುರಿನ ಸಾಲುಗಳಲ್ಲಿ ಕುಳಿತ ಮಕ್ಕಳಲ್ಲಿ ಯಾರ ಎದೆಯಲ್ಲಿ ಏನಿದೆಯೋ ನಾವರಿಯೆವು. ಪಾಠ ಮುಗಿದ ಮೇಲೆ ಒಂದು ಮಗು ಹಿಂದುಳಿದು, ತನ್ನದೇ ಒಂದು ಮಾತನ್ನು ತೊದಲಬಹುದು. ಆಗ ಕಥೆಯ ಚರ್ಚೆ ನಿಲ್ಲಬೇಕು. ಗಾಡಿಯವನ ರುಮಾಲು ಹೊರಬರಬೇಕು. ಗದರದೆ, ಶಂಕಿಸದೆ, ಮಾನದ ಮಾತೆತ್ತದೆ ಕೇಳಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ವಿಧಿಸಿದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಕಥೆಯ ಹೆಣ್ಣಿಗೆ ಕಣ್ಣೀರು ಸುರಿಸಿ, ಎದುರಿಗಿರುವ ಮಗುವಿಗೆ ಕಿವಿಗೊಡದವನ ರಸಿಕತೆಗೆ ಏನು ಬೆಲೆ?

ಹಾಗಾದರೆ ಪ್ರೇಮಕಥೆಗೆ ಇಲ್ಲಿ ಎಡೆಯೇ ಇಲ್ಲವೆ? ಉಂಟು. ಅದರ ಮಾದರಿ ಹೊಂಗೆಯ ಚಪ್ಪರದಲ್ಲಿಯೇ ಇದೆ. ಭಯದ ರಾತ್ರಿಯಲ್ಲಿ ದಾಟಿಸಿದ ಮರವನ್ನು ಆ ಜನ ಮದುವೆಯ ಮಂಟಪಕ್ಕೆ ತಂದರು. ಹೊಸ ಬಾಳನ್ನು ಹೂಡುವ ವಧೂವರರ ತಲೆಯ ಮೇಲೆ ಹಳೆಯ ನೆನಪು ನೆರಳಾಗಿ ನಿಲ್ಲುವಂತೆ ಮಾಡಿದರು. ಅಲ್ಲಿ ಸಂತೋಷಕ್ಕಾಗಿ ನೆನಪನ್ನು ಸುಡಲಿಲ್ಲ, ನೆನಪಿಗಾಗಿ ಸಂತೋಷವನ್ನು ತೊರೆಯಲೂ ಇಲ್ಲ. ಪ್ರೇಮವು ನೋವನ್ನು ಅಳಿಸಿಹಾಕಿತೆಂದು ಬರೆಯುವವನು ಸುಳ್ಳು ಬರೆಯುತ್ತಾನೆ. ನೋವನ್ನು ಬಲ್ಲವನು ಮುರಿದ ಕೊಂಬೆಯನ್ನು ತಾಳ್ಮೆಯಿಂದ ಕಟ್ಟಿದನೆಂದು ಬರೆಯುವವನು ನಂಬತಕ್ಕ ಮಾತನ್ನು ಬರೆಯುತ್ತಾನೆ. ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಯಾರಾದರೂ ಈ ಹೊಳೆಯ ಕಥೆಯನ್ನು ಮುಂದೊಮ್ಮೆ ನಾಟಕವಾಗಿಯೋ ಕಾದಂಬರಿಯಾಗಿಯೋ ಬರೆಯಲೆಳಸಿದರೆ, ರಾಜಕುಮಾರನನ್ನು ಹುಡುಕುವ ಮುನ್ನ ಆ ಹುಡುಗಿಗೆ ಒಂದು ಹೆಸರನ್ನು ಇಡಲಿ. ಮರವನ್ನು ದಾಟಿದ ಮೇಲೆ ಅವಳು ಆಡುವ ಮೊದಲ ಮಾತು ಏನೆಂದು ಯೋಚಿಸಲಿ. ಆ ಮಾತು ಕಂಬಂ ಕಣಿವೆಯ ಮನೆಗನ್ನಡದಲ್ಲಿಯೇ ಇದ್ದರೆ ಇನ್ನೂ ಲೇಸು.